ಬೇಡಿ ಪಡೆದ ಮಕ್ಕಳು ಯಾರ ಮಕ್ಕಳು?



ಕನ್ನಡದ ಒಂದು ಕಾದಂಬರಿಯ ಕುರಿತು ಮಾತಾಡಿರೆಂದು ಸಂಘಟಕರು ಕೇಳಿದರು. ನಾನು ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಎತ್ತಿಕೊಂಡಿದ್ದೇನೆ. 1965ರಲ್ಲಿ ಬಂದ ಪುಸ್ತಕ. ಕಪಿಲಾ ನದಿಯ ದಂಡೆಯ ನಂಜನಗೂಡು, ಅಲ್ಲಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರದ ಮೈಸೂರು, ಇವೆರಡರ ನಡುವೆ ನಡೆಯುವ ಕಥೆ. ವರದಾ, ಧರ್ಮಾ ನದಿಗಳ ನಮ್ಮ ಸೀಮೆಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮೇಲುಮೇಲಿನ ಸಂಬಂಧಗಳು ಕೆಲವಿವೆ. ಭೈರಪ್ಪನವರು ಅಧ್ಯಾಪಕ ವೃತ್ತಿಯ ಮೊದಲ ದಿನಗಳನ್ನು ಕಳೆದದ್ದು ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ. ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ಧಾರವಾಡದ ಕೆ. ರಾಘವೇಂದ್ರ ರಾವ್. ಅದನ್ನು ಸಿನಿಮಾ ಮಾಡಿದ ಇಬ್ಬರಲ್ಲಿ ಬಿ.ವಿ. ಕಾರಂತರ ಜತೆಗಿದ್ದ ಗಿರೀಶ ಕಾರ್ನಾಡರು ಶಿರಸಿ, ಧಾರವಾಡಗಳಲ್ಲಿ ಬೆಳೆದವರು. ಒಳಗಿನ ಸಂಬಂಧ ಇದಕ್ಕಿಂತ ದೊಡ್ಡದು. ಅದನ್ನು ಹೇಳಲಿಕ್ಕೇ ಈ ಮಾತು.

ತರಗತಿಯಲ್ಲಿ ‘ವಂಶವೃಕ್ಷ’ವನ್ನು ನಾವು ಸಂಪ್ರದಾಯ ಮತ್ತು ಆಧುನಿಕತೆಯ ಜಗಳದ ಕಾದಂಬರಿ ಎಂದು ಕಲಿಸುತ್ತೇವೆ. ವಿಧವೆ ಮರುಮದುವೆ ಆದದ್ದು ಸರಿಯೋ ತಪ್ಪೋ, ಮಾವ ಶ್ರೀನಿವಾಸ ಶ್ರೋತ್ರಿಯರ ಧರ್ಮ ದೊಡ್ಡದೋ ಸೊಸೆ ಕಾತ್ಯಾಯನಿಯ ಬಯಕೆ ದೊಡ್ಡದೋ ಎಂದು ಹತ್ತು ಅಂಕದ ಉತ್ತರ ಬರೆಸುತ್ತೇವೆ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಬಂದ ಬರಹಗಳಲ್ಲಿಯೂ ಆ ಹಳೆಯ ಚರ್ಚೆಯೇ ಮತ್ತೆ ಎದ್ದಿತು. ಆ ಜಗಳ ಪುಸ್ತಕದಲ್ಲಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕಥೆಯ ಪ್ರತಿಯೊಂದು ತಿರುವಿನಲ್ಲೂ ನಿಂತಿರುವುದು ಒಂದು ಮಗು: ಬೇಕಾದ ಮಗು, ಬೇಡಿ ಪಡೆದ ಮಗು, ಬಿಟ್ಟುಬಂದ ಮಗು, ಹೊಟ್ಟೆಯಲ್ಲೇ ಹೋದ ಮಗು. ಮದುವೆಗೂ ಮಕ್ಕಳ ಹಂಬಲಕ್ಕೂ ಇರುವ ನಂಟನ್ನು ಇಷ್ಟು ಪಟ್ಟು ಹಿಡಿದು ಹಿಂಬಾಲಿಸಿದ ಕಾದಂಬರಿ ಕನ್ನಡದಲ್ಲಿ ಹೆಚ್ಚಿಲ್ಲ. ಅದನ್ನು ಹಾಗೆ ಓದಿದರೆ ಅದರ ಹಿರಿಮೆಯೂ ಕಾಣುತ್ತದೆ, ಅದು ಮಾಡಿದ ಅನ್ಯಾಯವೂ ಕಾಣುತ್ತದೆ.

ಮೊದಲು ನಮ್ಮ ಊರುಗಳಿಗೆ ಬರುತ್ತೇನೆ.

ಶಿಗ್ಗಾವಿ ತಾಲೂಕಿನ ಬಾಡ. ಬೀರಪ್ಪ, ಬಚ್ಚಮ್ಮ ದಂಪತಿಗೆ ಬಹುಕಾಲ ಮಕ್ಕಳಿಲ್ಲ. ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊರುತ್ತಾರೆ. ಹುಟ್ಟಿದ ಮಗನಿಗೆ ತಿಮ್ಮಪ್ಪನೆಂದೇ ಹೆಸರಿಡುತ್ತಾರೆ. ಆ ತಿಮ್ಮಪ್ಪನಾಯಕನೇ ಮುಂದೆ ಕಾಗಿನೆಲೆಯ ಆದಿಕೇಶವನ ಕನಕದಾಸ. ಅದೇ ತಾಲೂಕಿನ ಶಿಶುನಾಳ. ಇಮಾಮ ಸಾಹೇಬ, ಹಜ್ಜೂಮಾ ದಂಪತಿ ಹುಲಗೂರಿನ ಖಾದರಷಾವಲಿಗೆ ನಡೆದುಕೊಂಡು 1819ರಲ್ಲಿ ಪಡೆದ ಮಗ ಶರೀಫ. ಹಿರೇಕೆರೂರು ಸೀಮೆಯ ಮಾಸೂರು. ಬಸವರಸ, ಮಲ್ಲಮ್ಮ ದಂಪತಿಗೆ ಮಕ್ಕಳಿಲ್ಲ. ಬಸವರಸ ಆ ಕೊರಗನ್ನು ಹೊತ್ತು ಕಾಶಿಗೆ ಹೋಗುತ್ತಾನೆ. ಮರಳಿ ಬರುವಾಗ ಅಂಬಲೂರಿನಲ್ಲಿ ಕುಂಬಾರ ಮಾಳಿಯ ಮನೆಯಲ್ಲಿ ತಂಗುತ್ತಾನೆ. ಮಾಳಿಯ ಹೊಟ್ಟೆಯಲ್ಲಿ ಸರ್ವಜ್ಞ ಹುಟ್ಟುತ್ತಾನೆ. ಅದೇ ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಕಾಲದ ಶಾಸನವೊಂದಿದೆ. ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತಲೆ ಅರಿದುಕೊಂಡ ಪ್ರಸಂಗಕ್ಕಾಗಿ ಅದು ಪ್ರಸಿದ್ಧ. ಆ ಶಾಸನ ಕಥೆಯನ್ನು ಎಲ್ಲಿಂದ ಶುರು ಮಾಡುತ್ತದೆ ಗೊತ್ತೆ? ರಾಮಯ್ಯನ ತಂದೆ, ಆಳಂದೆಯ ಪುರುಷೋತ್ತಮ ಭಟ್ಟನಿಗೂ ಅವನ ಹೆಂಡತಿಗೂ ಬಹುದಿನ ಮಕ್ಕಳಿರಲಿಲ್ಲ, ಪುತ್ರನಿಲ್ಲದವರಿಗೆ ಗತಿಯಿಲ್ಲವೆಂದು ಅವರು ಶಿವನನ್ನು ಆರಾಧಿಸಿದರು ಎಂಬಲ್ಲಿಂದ.

ಒಂದೇ ಸೀಮೆಯಲ್ಲಿ ನಾಲ್ಕು ಜನ್ಮಕಥೆಗಳು. ನಾಲ್ಕರಲ್ಲೂ ಬರಿದಾದ ಮಡಿಲು. ಇವೆಲ್ಲ ಐತಿಹ್ಯಗಳು, ಚರಿತ್ರೆಯ ದಾಖಲೆಯಂತೆ ಓದಬೇಕಾದವಲ್ಲ. ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ ಉತ್ತಂಗಿ ಚನ್ನಪ್ಪನವರ ಕಾಲದಿಂದ ಇವತ್ತಿನವರೆಗೆ, ಅವನ ಹುಟ್ಟಿನ ಬಗ್ಗೆ ವಿದ್ವಾಂಸರ ವಾದ ನಡೆದೇ ಇದೆ. ದೊಡ್ಡವರ ಹುಟ್ಟಿಗೆಲ್ಲ ಇಂಥ ಕಥೆ ಅಂಟಿಸುವುದು ಲೋಕದ ರೂಢಿ, ದಶರಥನ ಕಾಲದಿಂದಲೂ ಇದ್ದದ್ದೇ. ಆದರೂ ಜನ ಈ ಕಥೆಗಳನ್ನು ಯಾಕೆ ಕಟ್ಟಿದರು, ಕಟ್ಟಿ ಯಾಕೆ ಬಿಡದೆ ಉಳಿಸಿಕೊಂಡರು ಎಂಬುದನ್ನು ವಿಚಾರ ಮಾಡಬೇಕು. ತಂದೆತಾಯಿ ಬೇಡಿದ್ದು ವಂಶಕ್ಕಾಗಿ. ಬಂದ ಮಕ್ಕಳು ಮಾಡಿದ್ದೇನು? ಕನಕ ನಾಯಕತನ ಬಿಟ್ಟು ದಾಸನಾದ. ಸರ್ವಜ್ಞ ಊರೂರು ತಿರುಗಿದ. ರಾಮಯ್ಯ ತಲೆಯನ್ನೇ ಕೊಟ್ಟ. ಶರೀಫರಿಗೆ ಮದುವೆಯಾಗಿ ಹೆಣ್ಣು ಮಗು ಹುಟ್ಟಿತು. ಮಗುವೂ ಹೋಯಿತು, ಹೆಂಡತಿ ಫಾತಿಮಾಳೂ ಹೋದಳು. ಅವರು ಕಳಸದ ಗೋವಿಂದ ಭಟ್ಟರ ಮಗನಂತೆ ಬಾಳಿದರು. ಮನೆತನ ಬೆಳೆಸಿದ್ದಕ್ಕಾಗಿ ಈ ನಾಲ್ವರಲ್ಲಿ ಒಬ್ಬರನ್ನೂ ಯಾರೂ ನೆನೆಯುವುದಿಲ್ಲ. ಬೇಡಿ ಪಡೆದ ಮಗು ಬೇಡಿದವರ ಮನೆಯಲ್ಲಿ ಉಳಿಯುವುದಿಲ್ಲ, ಊರಿಗೆಲ್ಲ ಮಗುವಾಗುತ್ತದೆ. ನಮ್ಮ ಜನ ಅಷ್ಟು ಶತಮಾನಗಳಿಂದ ಹೇಳಿಕೊಂಡು ಬಂದದ್ದು ಇದು.

‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಯರು ಕೊನೆಗೆ ಬಂದು ಮುಟ್ಟುವುದು ಇಲ್ಲಿಗೇ. ಆದರೆ ಮುಟ್ಟುವ ಹೊತ್ತಿಗೆ ಎಷ್ಟೋ ಹೆಂಗಸರ ಬದುಕು ಸವೆದುಹೋಗಿರುತ್ತದೆ.

ಕಥೆ ನಿಮಗೆ ಗೊತ್ತಿರುವುದೇ. ಶ್ರೋತ್ರಿಯರ ಒಬ್ಬನೇ ಮಗ ನಂಜುಂಡ ಕಪಿಲೆಯ ಪಾಲಾಗುತ್ತಾನೆ. ಅವನ ಹೆಂಡತಿ ಕಾತ್ಯಾಯನಿಯ ಕಂಕುಳಲ್ಲಿ ಚೀನಿ ಎಂಬ ಕೂಸು. ಕಾತ್ಯಾಯನಿ ಓದಲೆಂದು ಮೈಸೂರಿಗೆ ರೈಲಿನಲ್ಲಿ ಓಡಾಡುತ್ತಾಳೆ. ಅಲ್ಲಿ ಅಧ್ಯಾಪಕ ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಕೂಸನ್ನು ಕೇಳಲು ನಂಜನಗೂಡಿಗೆ ಬರುತ್ತಾಳೆ. ಶ್ರೋತ್ರಿಯರು ಬಯ್ಯುವುದಿಲ್ಲ, ತಡೆಯುವುದಿಲ್ಲ. ಮಗು ವಂಶಕ್ಕೆ ಸೇರಿದ್ದು ಎಂಬ ಮಾತು ಮನೆಯ ಗೋಡೆಗೋಡೆಯಲ್ಲೂ ಇದೆ, ಅವರು ಬಾಯಿಬಿಟ್ಟು ಗದರಬೇಕಾದ್ದೇ ಇಲ್ಲ. ನಿರ್ಧಾರವನ್ನು ಅವಳಿಗೇ ಬಿಡುತ್ತಾರೆ. ಅವಳು ಮಲಗಿದ ಮಗುವನ್ನು ಬಿಟ್ಟು ಹೊರಡುತ್ತಾಳೆ. ಆ ಅಧ್ಯಾಯವನ್ನು ನಾನು ಯಾವಾಗ ಓದಿದರೂ ಅಲ್ಲಿ ಪುಸ್ತಕ ಮುಚ್ಚಿ ಎದ್ದು ಓಡಾಡಬೇಕಾಗುತ್ತದೆ. ಧರ್ಮ ಎಷ್ಟು ಮೃದುವಾಗಿ ಮಾತಾಡುತ್ತದೋ ಅದರ ಏಟು ಅಷ್ಟೇ ಆಳಕ್ಕೆ ಹೋಗುತ್ತದೆ ಎಂಬುದನ್ನು ಭೈರಪ್ಪನವರು ಅಲ್ಲಿ ತೋರಿಸಿದಷ್ಟು ಚೆನ್ನಾಗಿ ಬೇರೆಲ್ಲೂ ತೋರಿಸಿಲ್ಲ. ಸಿನಿಮಾದಲ್ಲಿ ಎಲ್.ವಿ. ಶಾರದಾ ಅವರು ಕಾತ್ಯಾಯನಿಯಾದರು. ಅದನ್ನು ನೋಡದ ವಿದ್ಯಾರ್ಥಿಗಳು ಹುಡುಕಿ ನೋಡಬೇಕು. ಕಾರಂತ, ಕಾರ್ನಾಡರಿಬ್ಬರಿಗೂ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ ಅದು.

ಮುಂದೆ ಕಾತ್ಯಾಯನಿ ಮತ್ತೆ ಮತ್ತೆ ಬಸುರಾಗುತ್ತಾಳೆ, ಮತ್ತೆ ಮತ್ತೆ ಬಸುರು ಇಳಿಯುತ್ತದೆ. ಪ್ರತಿಸಲವೂ ಅವಳು ಅದನ್ನು ತನ್ನ ಪಾಪದ ಲೆಕ್ಕಕ್ಕೆ ಬರೆದುಕೊಳ್ಳುತ್ತಾಳೆ. ಹೆತ್ತ ಮಗುವನ್ನು ಬಿಟ್ಟು ಬಂದವಳಿಗೆ ಇನ್ನೊಂದು ಮಗು ದಕ್ಕಲಾರದು ಎಂಬ ನಂಬಿಕೆ ಅವಳನ್ನು ಒಳಗಿನಿಂದ ತಿನ್ನುತ್ತದೆ. ಚೀನಿ ಬೆಳೆದು ಅವಳದೇ ತರಗತಿಯಲ್ಲಿ ವಿದ್ಯಾರ್ಥಿಯಾಗಿ ಕೂರುತ್ತಾನೆ, ತಾಯಿಯೆಂದು ತಿಳಿದ ಮೇಲೂ ದೂರವೇ ಉಳಿಯುತ್ತಾನೆ. ಅವಳು ಸಾಯುವ ಹೊತ್ತಿಗೆ ಮಾತ್ರ ಹತ್ತಿರ ಬರುತ್ತಾನೆ.

ನನ್ನ ತಕರಾರು ಇಲ್ಲಿದೆ, ಅದನ್ನು ಬಿಚ್ಚಿ ಹೇಳುತ್ತೇನೆ. ಪಾತ್ರ ತನ್ನನ್ನು ತಾನು ಹಳಿದುಕೊಳ್ಳುವುದು ಸಹಜ. ಮಗು ಕಳೆದುಕೊಂಡ ತಾಯಂದಿರು ಹಾಗೆ ಹಳಿದುಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ‘ನಾ ಏನ್ ಪಾಪ ಮಾಡಿದ್ನೋ’ ಎನ್ನುವ ಮಾತು ಯಾರ ಕಿವಿಗೆ ಹೊಸದು? ಆದರೆ ಕಾದಂಬರಿ ಆ ಮಾತಿಗೆ ಎದುರು ಮಾತು ಇಡುವುದಿಲ್ಲ. ಕಥೆಯೇ ಸಾಕ್ಷಿ ನುಡಿಯುವಂತೆ ಗರ್ಭಗಳು ಒಂದರ ಹಿಂದೊಂದು ಬೀಳುತ್ತವೆ, ಕೊನೆಗೆ ಅವಳೂ ಬೀಳುತ್ತಾಳೆ. ವೈದ್ಯಶಾಸ್ತ್ರ ಹೇಳುವುದು ಬೇರೆ. ಮೊದಲ ತಿಂಗಳುಗಳಲ್ಲಿ ಬಸುರು ಇಳಿಯುವುದಕ್ಕೆ ಅರ್ಧದಷ್ಟು ಪ್ರಕರಣಗಳಲ್ಲಿ ಕಾರಣ ಭ್ರೂಣದ ವರ್ಣತಂತುಗಳಲ್ಲಿ ಆದ ಏರುಪೇರು. ತಾಯಿ ಅತ್ತದ್ದಕ್ಕೆ, ಭಾರ ಎತ್ತಿದ್ದಕ್ಕೆ, ಮರುಮದುವೆ ಆದದ್ದಕ್ಕೆ ಯಾವ ಭ್ರೂಣವೂ ಹೋಗುವುದಿಲ್ಲ.

ಇದನ್ನು ಮೈಮೇಲೆ ತಿಳಿದ ಲೇಖಕಿಯೊಬ್ಬರು ಅದೇ ಮೈಸೂರಿನಲ್ಲಿ ಇದ್ದರು. ತ್ರಿವೇಣಿ. ಗರ್ಭಪಾತದ ನೋವುಂಡವರು. ಕೊನೆಗೊಂದು ಮಗಳನ್ನು ಹೆತ್ತು, ಹೆತ್ತ ಕೆಲವೇ ದಿನಗಳಲ್ಲಿ 1963ರಲ್ಲಿ ತೀರಿಕೊಂಡರು. ಅವರ ‘ಶರಪಂಜರ’ದ ಕಾವೇರಿ ಹೆತ್ತ ಮೇಲೆ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ವಾಸಿಯಾಗಿ ಬಂದ ಮೇಲೂ ಮನೆಯವರ ಅನುಮಾನದ ಕಣ್ಣಿಗೆ ಗುರಿಯಾದವಳು. ಹೆತ್ತವಳಿಗೂ ಶಾಂತಿಯಿಲ್ಲ, ಹೆರದವಳಿಗೂ ಇಲ್ಲ ಎಂದು ತ್ರಿವೇಣಿ ತಿಳಿದಿದ್ದರು. ಅವರ ಕಾವೇರಿ ಮತ್ತು ಭೈರಪ್ಪನವರ ಕಾತ್ಯಾಯನಿ ಕೆಲವೇ ವರ್ಷಗಳ ಅಂತರದಲ್ಲಿ ಕನ್ನಡಕ್ಕೆ ಬಂದರು. ಇಬ್ಬರನ್ನೂ ಅಕ್ಕಪಕ್ಕ ಕೂಡಿಸಿ ಓದುವ ಪಾಠವನ್ನು ನಮ್ಮ ಪಠ್ಯಪುಸ್ತಕ ಮಂಡಳಿಗಳು ಯಾಕೆ ಮಾಡಿಲ್ಲವೋ.

ಶ್ರೋತ್ರಿಯರ ಹೆಂಡತಿ ಭಾಗೀರಥಮ್ಮನ ಕಥೆಯನ್ನು ನಾವು ಬೇಗ ದಾಟಿಬಿಡುತ್ತೇವೆ. ನಂಜುಂಡನನ್ನು ಹೆರುವಾಗ ಆಕೆ ಸತ್ತು ಬದುಕಿದವಳು. ಇನ್ನೊಂದು ಬಸುರಾದರೆ ಜೀವ ಉಳಿಯದು ಎಂದು ಡಾಕ್ಟರು ಹೇಳಿರುತ್ತಾರೆ. ಆಗ ಆಕೆಯೇ ಮನೆಗೆಲಸದ ಲಕ್ಷ್ಮಿಯನ್ನು ಗಂಡನ ಮುಂದೆ ತರುತ್ತಾಳೆ. ಶ್ರೋತ್ರಿಯರು ತಮ್ಮನ್ನು ತಾವು ಗೆಲ್ಲುತ್ತಾರೆ. ಆ ಗೆಲುವನ್ನು ನಾವು ಕೊಂಡಾಡುತ್ತೇವೆ, ಕೊಂಡಾಡಬೇಕಾದ್ದೇ. ಹಾಗಾದರೆ ಗಂಡನ ಹಾಸಿಗೆಗೆ ಇನ್ನೊಬ್ಬಳನ್ನು ಕಳಿಸಲು ಒಪ್ಪುವ ಮಟ್ಟಿಗೆ ತನ್ನನ್ನು ತಾನು ಅಳಿಸಿಕೊಂಡ ಭಾಗೀರಥಮ್ಮನದು ಏನು? ಯಾರೂ ತನ್ನನ್ನು ಕೇಳದೆಯೇ ಆ ಮಾತಿನ ನಡುವೆ ನಿಂತ ಲಕ್ಷ್ಮಿಯದು ಏನು? ಮಾಸೂರಿನ ಮಲ್ಲಮ್ಮನೂ ನನಗೆ ಇಲ್ಲಿಯೇ ನೆನಪಾಗುತ್ತಾಳೆ. ಕಾಶಿಯ ವರ ಗಂಡನಿಗೆ ದಕ್ಕಿತು, ಮಾಳಿಗೆ ಮಗ ದಕ್ಕಿದ. ಮಲ್ಲಮ್ಮ ಏನು ಮಾಡಿದಳು? ನಾನು ಕೇಳಿದ ಕಥೆಗಳೆಲ್ಲ ಅವಳನ್ನು ಆ ಮನೆಯ ಒಳಗೇ ಬಿಟ್ಟು ಮುಂದೆ ಹೋಗುತ್ತವೆ.

ಈಗ ಕಾದಂಬರಿಯ ನೆತ್ತಿ. ಮುಪ್ಪಿನಲ್ಲಿ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ಅವರ ತಂದೆಗೆ ಮಕ್ಕಳಾಗುವಂತಿರಲಿಲ್ಲ. ಆಸ್ತಿಗಾಗಿ ತಮ್ಮನೊಡನೆ ಹಗೆ. ಮಕ್ಕಳಿಲ್ಲದೆ ಸತ್ತರೆ ಆಸ್ತಿಯೆಲ್ಲ ತಮ್ಮನಿಗೆ ಹೋದೀತೆಂದು, ಬೇರೊಬ್ಬನಿಂದ ಹೆಂಡತಿಗೆ ಮಗು ಹುಟ್ಟಿಸಿದ. ಆ ಮಗುವೇ ಶ್ರೋತ್ರಿಯರು. ಯಾವ ವಂಶದ ಹೆಸರಿನಲ್ಲಿ ಕಾತ್ಯಾಯನಿ ತನ್ನ ಕೂಸನ್ನು ಬಿಟ್ಟು ಹೋದಳೋ ಆ ವಂಶ ಶ್ರೋತ್ರಿಯರ ಮೈಯಲ್ಲಿ ಇರಲೇ ಇಲ್ಲ. ಮರದ ಬೇರು ಬೇರೆ ನೆಲದ್ದು. ಇದನ್ನು ಬರೆಯಲು ಎದೆಗಾರಿಕೆ ಬೇಕು. ಸಂಪ್ರದಾಯದ ಪರ ನಿಂತ ಲೇಖಕ ಎಂದು ಭೈರಪ್ಪನವರನ್ನು ದೂರ ಇಟ್ಟವರು ಈ ಪುಟಗಳನ್ನು ಮತ್ತೊಮ್ಮೆ ಓದಲಿ. ಹದಿನಾಲ್ಕು ವರ್ಷಗಳ ಮೇಲೆ, 1979ರ ‘ಪರ್ವ’ದಲ್ಲಿ, ಅವರು ಗಂಡನಲ್ಲದವನಿಂದ ಮಗು ಪಡೆಯುವ ಈ ನಿಯೋಗದ ಪ್ರಶ್ನೆಯನ್ನೇ ಇಡೀ ಮಹಾಭಾರತದ ಮೇಲೆ ಹರಡಿದರು.

ಒಂದು ಮಾತು ಉಳಿಯುತ್ತದೆ. ಸತ್ಯ ತಿಳಿದ ಶ್ರೋತ್ರಿಯರು ಆಸ್ತಿ ಬಿಟ್ಟು ಹೊರಡುತ್ತಾರೆ, ವಿರಕ್ತಿಗೆ ಏರುತ್ತಾರೆ. ಗಂಡಸಿಗೆ ಸತ್ಯದಿಂದ ಬಿಡುಗಡೆ ಸಿಕ್ಕಿತು. ಅದೇ ಸತ್ಯ ಕಾತ್ಯಾಯನಿಗೆ ಅವಳ ಕೂಸನ್ನು ಬಿಡುವ ಮೊದಲು ಸಿಕ್ಕಿದ್ದರೆ? ವಂಶದ ಸುಳ್ಳಿಗೆ ಗಂಡಸು ಆಸ್ತಿಯಿಂದ ದಂಡ ತೆತ್ತ, ಹೆಣ್ಣು ಜೀವದಿಂದ ತೆತ್ತಳು. ಕಾದಂಬರಿಯ ಕಣ್ಣು ಶ್ರೋತ್ರಿಯರ ಹಿಂದೆ ಹೋಗುತ್ತದೆ. ಓದುಗರಾದ ನಾವು ಕಾತ್ಯಾಯನಿಯ ಸಾವಿನ ಮನೆಯಲ್ಲೇ ಇನ್ನಷ್ಟು ಹೊತ್ತು ಕೂರಬೇಕು ಎಂಬುದು ನನ್ನ ವಾದ.

ಮಗುವಿನ ಹಂಬಲದಲ್ಲಿ ವಾತ್ಸಲ್ಯ ಎಷ್ಟು, ಆಸ್ತಿ ಎಷ್ಟು ಎಂದು ಬಿಡಿಸುವುದು ಕಷ್ಟ. ಇದು ಬರೀ ನಂಜನಗೂಡಿನ ಮನೆತನದ ಮಾತಾಗಿ ಉಳಿಯದೆ ನಮ್ಮ ಹಳೆಯ ಧಾರವಾಡ, ಬೆಳಗಾವಿ ಸೀಮೆಯ ಚರಿತ್ರೆಯನ್ನೇ ತಿರುಗಿಸಿದೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅವನು ತೆಗೆದುಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ, ಚೆನ್ನಮ್ಮ ರಾಣಿ ಚರಿತ್ರೆಗೆ ಬಂದಳು. 1858ರಲ್ಲಿ ನರಗುಂದದ ಬಾಬಾಸಾಹೇಬನ ಬಂಡಾಯದ ಹಿಂದೆಯೂ ದತ್ತಕಕ್ಕೆ ಒಪ್ಪಿಗೆ ಸಿಗದ ಕುದಿ ಇತ್ತು. ಮಗ ಹುಟ್ಟದ ಮನೆಯ ಬಾಗಿಲಲ್ಲಿ ಸಾಮ್ರಾಜ್ಯವೊಂದು ಬಾಯಿ ತೆರೆದು ಕೂತಿದ್ದ ಕಾಲ ಅದು. 1956ರ ದತ್ತಕ ಕಾನೂನು ಬರುವವರೆಗೆ ದತ್ತು ಎಂದರೆ ಹೆಚ್ಚುಕಡಿಮೆ ಗಂಡುಮಗುವೇ. ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವುದಕ್ಕೆ ಕಾನೂನಿನ ಗಟ್ಟಿ ನೆಲೆ ಸಿಕ್ಕಿದ್ದು ಆಗ. ಗಂಡನಿರುವ ಹೆಂಡತಿ ತನ್ನ ಹೆಸರಿನಲ್ಲಿ ದತ್ತು ತೆಗೆದುಕೊಳ್ಳುವಂತಾದದ್ದು 2010ರ ತಿದ್ದುಪಡಿಯಿಂದ. ಅಂದರೆ ಮೊನ್ನೆ ಮೊನ್ನೆ.

ಹೆಣ್ಣಿನ ಹೊಟ್ಟೆಯನ್ನು ಲೆಕ್ಕದ ಸರಕು ಮಾಡುವ ಕಥೆಗಳಲ್ಲಿ ಅತಿ ಕ್ರೂರವಾದದ್ದು ಮಹಾಭಾರತದ ಉದ್ಯೋಗಪರ್ವದಲ್ಲಿದೆ. ಗಾಲವನ ಗುರುದಕ್ಷಿಣೆಗೆ ಒಂದು ಕಿವಿ ಕಪ್ಪಗಿರುವ ಎಂಟುನೂರು ಕುದುರೆಗಳು ಬೇಕು. ಯಯಾತಿ ಕುದುರೆಗಳ ಬದಲು ಮಗಳು ಮಾಧವಿಯನ್ನೇ ಕೊಡುತ್ತಾನೆ. ಮಕ್ಕಳಿಗಾಗಿ ಹಾತೊರೆಯುವ ರಾಜರು ಇನ್ನೂರಿನ್ನೂರು ಕುದುರೆ ಕೊಟ್ಟು ಅವಳಿಂದ ಒಬ್ಬೊಬ್ಬ ಮಗನನ್ನು ಪಡೆಯುತ್ತಾರೆ. ಡಾಕ್ಟರ್ ಅನುಪಮಾ ನಿರಂಜನ ಈ ಕಥೆಯನ್ನೇ ‘ಮಾಧವಿ’ ಕಾದಂಬರಿ ಮಾಡಿದರು. ಅವರು ಧಾರವಾಡದಲ್ಲಿ ವೈದ್ಯವೃತ್ತಿ ನಡೆಸಿದವರು. ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ ಪುಸ್ತಕಗಳನ್ನು ಬರೆದು, ಹೆಣ್ಣುಮಕ್ಕಳು ಯಾರಲ್ಲಿಯೂ ಕೇಳಲಾಗದ್ದನ್ನು ಅಚ್ಚಿನಲ್ಲಿ ಹೇಳಿದವರು. ಭೈರಪ್ಪನವರ ಎದುರು ನಿಲ್ಲಿಸಿ ಓದಬೇಕಾದ ಲೇಖಕಿ ಯಾರೆಂದು ಕೇಳಿದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ.

ಪುಸ್ತಕ ಬಿಟ್ಟು ಮನೆಗಳಿಗೆ ಬರೋಣ. ಹಾನಗಲ್ಲ ತಾಲೂಕಿನ ಹಳ್ಳಿಯೊಂದರಲ್ಲಿ ಒಂದು ಕುಬಸಕ್ಕೆ ಹೋಗಿದ್ದೆ. ಚೊಚ್ಚಲ ಬಸುರಿ, ಮನೆಯ ಕಿರಿಯ ಸೊಸೆ. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ತವರಿನಿಂದ ಬಂದ ಬುಟ್ಟಿಗಳಲ್ಲಿ ಕರ್ಜಿಕಾಯಿ, ಬುಂದೆ ಉಂಡಿ, ಹೋಳಿಗೆ. ಪಡಸಾಲೆಯಲ್ಲಿ ಅಜ್ಜಿಯರು ಹಾಡು ಹಿಡಿದಿದ್ದರು. ಉಡಿಯ ತಟ್ಟೆಯಲ್ಲಿ ಅಕ್ಕಿ, ಐದು ಉತ್ತತ್ತಿ, ಐದು ಅಡಿಕೆ, ಅರಿಷಿಣ ಕೊಂಬು, ಬೆಲ್ಲದ ಚೂರು, ಕೊಬ್ಬರಿ ಬಟ್ಟಲು, ಮಡಚಿದ ಖಣ. ಬಸುರಿಯ ಪಕ್ಕದಲ್ಲಿ ಕೂಸಿಗೆಂದು ಹೊಲಿದ ಕೌದಿ, ಅದರ ಮೇಲೆ ಕುಂಚಿಗೆ. ಆ ಕೌದಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಹಳೆಯ ಇಳಕಲ್ಲ ಸೀರೆಯ ತುಂಡುಗಳು, ನಡುವೆ ಕೆಂಪು ಚೌಕ, ಸುತ್ತಲೂ ಗೆರೆ ಗೆರೆಯಾಗಿ ಸಣ್ಣ ಹೊಲಿಗೆ, ಕೂಸಿನ ಮೈಗೆ ಒತ್ತಬಾರದೆಂದು ಗಂಟುಗಳನ್ನೆಲ್ಲ ಒಳಗೆ ಮುಚ್ಚಿದ್ದರು. ಹೊಲಿದವರು ಯಾರೆಂದು ಕೇಳಿದೆ. ಹಿರಿಯ ಸೊಸೆ. ಮದುವೆಯಾಗಿ ಹತ್ತು ವರ್ಷ ದಾಟಿದೆ, ಮಕ್ಕಳಿಲ್ಲ. ನಸುಕಿನಿಂದ ಅಡುಗೆಯೂ ಅವಳದೇ. ಆರತಿಯ ಹೊತ್ತಿಗೆ ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲ ತನಕ ಬಂದಳು. ಅತ್ತೆ ತಿರುಗಿ, ಸಿಟ್ಟೇನೂ ಇಲ್ಲದ ದನಿಯಲ್ಲಿ, ‘ನೀ ಒಳಗ ಒಲಿ ನೋಡ್ಕೋವಾ’ ಎಂದಳು. ಅವಳು ಒಳಗೆ ಹೋದಳು. ಅವಳು ಹೊಲಿದ ಕೌದಿ ಪಡಸಾಲೆಯಲ್ಲಿ ಉಳಿಯಿತು.

ಆ ಅತ್ತೆ ಕೆಟ್ಟವಳಲ್ಲ. ಶ್ರೋತ್ರಿಯರೂ ಕೆಟ್ಟವರಲ್ಲ. ಕೆಟ್ಟವರು ಯಾರೂ ಇಲ್ಲದೆಯೇ ಇಂಥ ಮಾತು ನಡೆದುಹೋಗುತ್ತದೆ. ನಮ್ಮ ಬೀಸುಕಲ್ಲಿನ ಪದಗಳನ್ನು ಬಲ್ಲವರಿಗೆ ಇದೇನೂ ಹೊಸತಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಗ್ರಹ ತೆಗೆದು ನೋಡಿ, ಮಕ್ಕಳಿಲ್ಲದವಳ ದುಃಖವನ್ನೂ ತೊಟ್ಟಿಲು ತೂಗುವವಳ ಸುಖವನ್ನೂ ಒಂದೇ ಕೊರಳು ಹಾಡಿದೆ. ಹಾಡಿದ ಗರತಿಗೆ ತಿಳಿದಿತ್ತು, ಎರಡೂ ತನ್ನ ಓಣಿಯದೇ ಎಂದು. ಇವತ್ತು ಬೀಸುಕಲ್ಲು ಹೋಗಿದೆ, ಹಾಡು ಹೋಗಿದೆ. ‘ಏನರ ವಿಶೇಷ ಐತೇನು?’ ಎಂಬ ಪ್ರಶ್ನೆ ಮಾತ್ರ ಹೋಗಿಲ್ಲ. ಮದುವೆಯಾದ ಆರು ತಿಂಗಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಸಂತೆಯಲ್ಲಿ ಕೇಳುತ್ತಾರೆ, ಸತ್ತ ಮನೆಗೆ ಮಾತಾಡಿಸಲು ಹೋದಾಗಲೂ ಕೇಳುತ್ತಾರೆ. ಕೇಳುವುದು ಯಾವಾಗಲೂ ಅವಳನ್ನೇ. ಅವನನ್ನು ಯಾರೂ ಕೇಳುವುದಿಲ್ಲ.

ಶ್ರೋತ್ರಿಯರ ತಂದೆಯ ಕೊರತೆಯನ್ನು ಕಾದಂಬರಿ ಬಯಲಿಗೆ ಇಟ್ಟು ಅರವತ್ತು ವರ್ಷವಾಯಿತು. ಇನ್ನೂ ನಮ್ಮ ಊರುಗಳಲ್ಲಿ ಮೊದಲು ದವಾಖಾನೆಗೆ ಹೋಗುವವಳು ಹೆಂಡತಿ. ಅರಳಿಕಟ್ಟೆ ಸುತ್ತುವವಳು, ನಾಗರಕಲ್ಲಿಗೆ ಹಾಲೆರೆಯುವವಳು, ಗುಡಿಯ ಮುಂದಿನ ಗಿಡಕ್ಕೆ ಪುಟ್ಟ ತೊಟ್ಟಿಲು ಕಟ್ಟುವವಳು ಅವಳೇ. ಹರಕೆ ಬೇಡವೆಂದು ನಾನು ಹೇಳುವವಳಲ್ಲ. ಹರಕೆಯಲ್ಲಿ ಧೈರ್ಯವಿದೆ, ಹುಲಗೂರಿನ ದಾರಿಯಲ್ಲಿ ನಡೆದ ಹಜ್ಜೂಮಾಳ ಧೈರ್ಯ ಅದು. ಆದರೆ ಮಕ್ಕಳಾಗದ ಸರಿಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಕಾರಣದ ಪಾಲು ಗಂಡಸಿನಲ್ಲಿಯೂ ಇರುತ್ತದೆ. ಗಂಡಸಿನ ತಪಾಸಣೆ ಹೆಂಗಸಿನ ತಪಾಸಣೆಗಿಂತ ಸುಲಭ, ಅಗ್ಗ, ನೋವಿಲ್ಲದ್ದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಲೆಕ್ಕದಂತೆ ಲೋಕದ ವಯಸ್ಕರಲ್ಲಿ ಸುಮಾರು ಆರು ಮಂದಿಗೊಬ್ಬರು ಬದುಕಿನ ಯಾವುದೋ ಹಂತದಲ್ಲಿ ಈ ಕೊರತೆಯನ್ನು ಎದುರಿಸುತ್ತಾರೆ. ಈ ಸಭಾಂಗಣದ ಪ್ರತಿಯೊಂದು ಸಾಲಿನಲ್ಲೂ ಇದನ್ನು ಉಂಡವರು ಇದ್ದಾರೆ, ನಾಚಿಕೆಯ ಮಾತೇ ಇಲ್ಲ.

1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಅವರನ್ನು ಸರಕಾರ ನಂಬಲಿಲ್ಲ, ಜೊತೆಯವರು ಅವಮಾನ ಮಾಡಿದರು. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಮಗುವಿನ ಹಂಬಲಕ್ಕೆ ಕೈಗೊಟ್ಟ ವೈದ್ಯನನ್ನೂ ನಮ್ಮ ಸಮಾಜ ಬದುಕಲು ಬಿಡಲಿಲ್ಲ. ಈಗ ಹುಬ್ಬಳ್ಳಿ, ದಾವಣಗೆರೆಗಳ ರಸ್ತೆಗಳ ಮೇಲೆ ಅಂಥ ಆಸ್ಪತ್ರೆಗಳ ದೊಡ್ಡ ದೊಡ್ಡ ಫಲಕಗಳು ನಿಂತಿವೆ. ಹೊಲ ಮಾರಿ ಅಲ್ಲಿಗೆ ಹೋಗುವವರಿದ್ದಾರೆ. ಇಂಥ ಆಸ್ಪತ್ರೆಗಳನ್ನು ನಿಯಂತ್ರಿಸಲು 2021ರಲ್ಲಿ ಕಾನೂನು ಬಂದಿದೆ. ಹೋಗುವವರು ಅದನ್ನು ತಿಳಿದುಕೊಂಡು, ನೋಂದಣಿಯಾದ ಕಡೆಗೇ ಹೋಗಲಿ ಎಂದಷ್ಟೇ ಹೇಳಬಲ್ಲೆ.

ಹಾನಗಲ್ಲಿನ ಮಾತು ಹೇಳದೆ ಮುಗಿಸಲಾರೆ. ಹಾನಗಲ್ಲ ಕುಮಾರಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಒಬ್ಬ ಕುರುಡ ಬಾಲಕನ ಕೊರಳನ್ನು ಗುರುತಿಸಿ ಸಂಗೀತ ಕಲಿಸಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳು. ಪಂಚಾಕ್ಷರರು ಇದೇ ತಾಲೂಕಿನ ದೇವರ ಹೊಸಪೇಟೆಯ ಇನ್ನೊಬ್ಬ ಕುರುಡ ಬಾಲಕನನ್ನು ಮಡಿಲಿಗೆ ತೆಗೆದುಕೊಂಡರು. ಅವರು ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದ ಅಂಧ, ಅನಾಥ ಮಕ್ಕಳನ್ನು ಕೇಳಿ, ಪುಟ್ಟರಾಜರನ್ನು ಅವರು ಅಜ್ಜ ಎನ್ನುತ್ತಾರೆ. ಮೂವರೂ ಸಂಸಾರಿಗಳಲ್ಲ. ಇವರಷ್ಟು ಮಕ್ಕಳಿದ್ದ ಅಜ್ಜ ಈ ಜಿಲ್ಲೆಯಲ್ಲಿ ಬೇರೆ ಯಾರಿದ್ದಾರೆ? ಭೀಮಕವಿಯ ‘ಬಸವಪುರಾಣ’ದ ಬೆಜ್ಜಮಹಾದೇವಿಗೂ ಇಂಥದೇ ಧೈರ್ಯ ಇತ್ತು. ಶಿವನಿಗೆ ತಾಯಿಯೇ ಇಲ್ಲವಲ್ಲ ಎಂದು ಮರುಗಿ, ಅವನಿಗೆ ತಾನೇ ತಾಯಿಯಾಗಿ ಎರೆದಳು, ಉಣಿಸಿದಳು. ತಾಯ್ತನಕ್ಕೆ ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಇನ್ನು ಬರೆಯುವವರಿಗೆ ಒಂದು ಮಾತು. ಸವಣೂರಿನ ವಿ.ಕೃ. ಗೋಕಾಕರು ದಾಂಪತ್ಯದ ಏರುಪೇರುಗಳನ್ನೇ ಹಿಡಿದು ‘ಸಮರಸವೇ ಜೀವನ’ ಎಂಬ ಬೃಹತ್ ಕಾದಂಬರಿ ಬರೆದರು. ಅದರ ಮೊದಲ ಭಾಗದ ಹೆಸರು ‘ಇಜ್ಜೋಡು’. ಗೋಕಾಕರ ಊರಿನಲ್ಲಿ, ಸರ್ವಜ್ಞನ ತಾಲೂಕಿನಲ್ಲಿ, ಕನಕ-ಶರೀಫರ ನೆಲದಲ್ಲಿ ಬರೆಯುವ ಮನಸ್ಸಿರುವ ಹೆಣ್ಣುಮಕ್ಕಳು ಇಲ್ಲಿ ಕೂತಿದ್ದೀರಿ. ಮಲ್ಲಮ್ಮನ ಕಥೆ ಬರೆಯದೆ ಉಳಿದಿದೆ. ಗಂಡ ಕಾಶಿಯಿಂದ ಬಂದ ದಿನ ಮಾಸೂರಿನ ಆ ಮನೆಯಲ್ಲಿ ಏನು ನಡೆಯಿತು, ಬರೆಯಿರಿ. ಬಚ್ಚಮ್ಮ ತಿರುಪತಿಗೆ ಹೊತ್ತ ಹರಕೆಯನ್ನು ಅವಳ ಬಾಯಿಂದ ಹೇಳಿಸಿರಿ. ಗೊಟಗೋಡಿಯಲ್ಲಿ ನಮ್ಮದೇ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿನ ಸಂಶೋಧಕರು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಅಜ್ಜಿಯರ ಬಳಿ ಕೂತು, ಮಕ್ಕಳಿಲ್ಲದವರ ಹಾಡುಗಳನ್ನು, ಹರಕೆಯ ಕಥೆಗಳನ್ನು ಹಾಡುವ ಕೊರಳು ಇರುವಾಗಲೇ ಬರೆದಿಟ್ಟುಕೊಳ್ಳಲಿ.

ಮನೆ ನಡೆಸುವ ತಾಯಂದಿರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯ ಮುಂದಿನ ಕುಬಸಕ್ಕೆ, ಮಕ್ಕಳಾಗದ ನಿಮ್ಮ ಸೊಸೆಯನ್ನು, ನಾದಿನಿಯನ್ನು, ನೆರೆಯವಳನ್ನು ಪಡಸಾಲೆಗೆ ಕರೆಯಿರಿ. ಮೊದಲ ಆರತಿ ಅವಳ ಕೈಯಿಂದ ಮಾಡಿಸಿರಿ, ಆಮೇಲೆ ಅವಳಿಗೂ ಉಡಿ ತುಂಬಿರಿ.